ಕೋವಿಗೆ ಸುರಕ್ಷಿತ ಜಾಗ: ತಜ್ಞರ ಸಲಹೆ

ಮಲೆನಾಡು, ಕರಾವಳಿಯ ಬೆಳೆಗಾರರು ನನ್ನಂಥ ತಜ್ಞರನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ. ಬೆಳೆ ರಕ್ಷಣೆಗೆ ಲೈಸೆನ್ಸ್ ಸಿಕ್ಕಿದೆ, ಕೋವಿಯೂ ಬಂದಿದೆ, ಇನ್ನು ಇದನ್ನು ಮನೆಯಲ್ಲಿ ಎಲ್ಲಿಡಬೇಕು? ಪೊಲೀಸರು ನೋಡಲು ಬಂದರೆ ಏನು ತೋರಿಸಬೇಕು? ನಾನು ಇವತ್ತಿನವರೆಗೆ ಒಂದು ಈಡೂ ಹೊಡೆದವನಲ್ಲ. ಅಡಿಕೆ ತೋಟ ನೋಡಿರುವುದು ಬಸ್ಸಿನ ಕಿಟಕಿಯಿಂದ. ಈ ವಿಷಯದಲ್ಲಿ ನಿಯಮ ಬರೆಯುವವರ ಅರ್ಹತೆಯೂ ಹೆಚ್ಚುಕಡಿಮೆ ಇಷ್ಟೇ ಆದ್ದರಿಂದ ನೇರವಾಗಿ ಸಲಹೆಗೆ ಬರುತ್ತೇನೆ.

1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಕೊಡುವ ಮೊದಲು ಠಾಣೆಯ ವರದಿ ತರಿಸಿಕೊಳ್ಳಬೇಕು. 2016ರ ನಿಯಮಗಳು ಬಂದ ಮೇಲೆ, ಕೋವಿಯನ್ನು ಭದ್ರವಾಗಿ ಇಟ್ಟುಕೊಳ್ಳುತ್ತೇನೆಂದು ಅರ್ಜಿದಾರ ಬರೆದುಕೊಡಲೂ ಬೇಕು. ಹೀಗಾಗಿ ಮೊದಲ ಪರಿಶೀಲನೆ ನಡೆಯುವ ಹೊತ್ತಿಗೆ ಮನೆಯಲ್ಲಿ ಕೋವಿ ಇರುವುದಿಲ್ಲ. ಕೋವಿಯ ಭದ್ರತೆ ಅತ್ಯುತ್ತಮ ಮಟ್ಟದಲ್ಲಿರುವುದು ಈ ಹಂತದಲ್ಲೇ. ಇದನ್ನು ನೆನಪಿಟ್ಟುಕೊಳ್ಳಿ, ಇಡೀ ಶಾಸ್ತ್ರ ನಿಂತಿರುವುದು ಇದರ ಮೇಲೆ.

ಜಾಗದ ಆಯ್ಕೆಯಲ್ಲಿ ಹಿರಿಯರ ಪದ್ಧತಿ ಕೆಲಸಕ್ಕೆ ಬರುವುದಿಲ್ಲ. ಅವರು ಜಗಲಿಯ ಗೋಡೆಯಲ್ಲಿದ್ದ ಜಿಂಕೆ ಕೊಂಬಿಗೆ ಕೋವಿ ನೇತುಹಾಕುತ್ತಿದ್ದರು. ಈಗ ಹಾಗೆ ಮಾಡಿದರೆ ಕೋವಿ ನೋಡಲು ಬಂದ ಇಲಾಖೆಯ ಹಿಂದೆಯೇ ಕೊಂಬು ನೋಡಲು ಇನ್ನೊಂದು ಇಲಾಖೆ ಬರುತ್ತದೆ. ಉಕ್ಕಿನ ಬೀರು ಕೊಳ್ಳುವುದೇ ಲೇಸು. ಜರ್ಮನಿಯಲ್ಲಿ 2009ರ ವಿನ್ನೆಂಡನ್ ಶಾಲೆಯ ಹತ್ಯಾಕಾಂಡದ ನಂತರ ಕಾನೂನು ತಿದ್ದಿ, ಅನುಮಾನವೇನೂ ಇಲ್ಲದಿದ್ದರೂ ಅಧಿಕಾರಿಗಳು ಮನೆಗೆ ಬಂದು ಕೋವಿಯ ಕಪಾಟು ನೋಡಬಹುದೆಂದು ಮಾಡಿಕೊಂಡರು. ಆ ಶಾಲೆಗೆ ಹೋದ ಪಿಸ್ತೂಲು ಬೀಗವಿಲ್ಲದ ಜಾಗದಲ್ಲಿತ್ತು. ಅಲ್ಲಿಯವರು ಇದರಿಂದ ಕಪಾಟು ಮುಖ್ಯ ಎಂಬ ಅವಸರದ ತೀರ್ಮಾನಕ್ಕೆ ಬಂದಂತೆ ಕಾಣುತ್ತದೆ. ನಮ್ಮಲ್ಲಿ ಶಾಸ್ತ್ರ ಇನ್ನೂ ಮುಂದೆ ಹೋಗಿದೆ.

ನಮ್ಮ ಪರಿಶೀಲನೆ ಜಗಲಿಯಲ್ಲಿ ಕಾಫಿಯೊಂದಿಗೆ ಶುರುವಾಗುತ್ತದೆ.

“ಕೋವಿ ಎಲ್ಲಿಡ್ತೀರಿ ಗೌಡ್ರೇ?”

“ಒಳಗೆ ಬೀರುವಲ್ಲಿ ಸಾರ್.”

“ಬೀಗ ಹಾಕ್ತೀರೋ?”

“ಹಾಕ್ದೆ ಇರ್ತೀವಾ ಸಾರ್!”

“ಕೀಲಿಕೈ?”

“ನಮ್ಮನೆಯವಳ ಹತ್ರ.”

ಇಲ್ಲಿ ಕಾನೂನಿನ ಸೂಕ್ಷ್ಮವೊಂದು ತಲೆ ಎತ್ತುತ್ತದೆ. ಲೈಸೆನ್ಸ್ ಗೌಡರ ಹೆಸರಿನಲ್ಲಿದೆ, ಬೀರು ತೆರೆಯುವ ಅಧಿಕಾರ ಮಾತ್ರ ಗೌಡ್ತಿಯವರದು. ಹಾಗಾದರೆ ಕೋವಿ ಯಾರ ಸ್ವಾಧೀನದಲ್ಲಿದೆ? ಬಂದಿರುವ ಪೊಲೀಸರೂ ಮದುವೆಯಾದವರೇ ಆಗಿರುವುದರಿಂದ ಇದನ್ನು ವರದಿಯಲ್ಲಿ ಬರೆಯುವುದಿಲ್ಲ. ನಳಿಗೆಯ ಮೇಲಿನ ನಂಬರನ್ನು ಲೈಸೆನ್ಸ್ ಪುಸ್ತಕದೊಂದಿಗೆ ತಾಳೆ ನೋಡುತ್ತಾರೆ. ಅಜ್ಜನ ಕಾಲದ ಕೇಪಿನ ಕೋವಿಯಾದರೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದರೂ ಅದು ಮೂರೋ ಎಂಟೋ ತಿಳಿಯುವುದಿಲ್ಲ. ಪುಸ್ತಕದಲ್ಲಿ ಎಂಟು ಎಂದಿದ್ದರೆ ಕೋವಿಯಲ್ಲೂ ಎಂಟೇ.

ಈ ವರೆಗಿನದೆಲ್ಲ ಪ್ರಾಥಮಿಕ ಪಾಠ. ಶಾಸ್ತ್ರದ ನಿಜವಾದ ಸತ್ವ ಇರುವುದು ಚುನಾವಣೆಯಲ್ಲಿ.

ಚುನಾವಣೆ ಘೋಷಣೆಯಾದರೆ ಎಲ್ಲರ ಕೋವಿಯನ್ನೂ ಠಾಣೆಗೆ ತರಿಸಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಗಳಲ್ಲಿ ಸಿಕ್ಕಿಕೊಂಡವರು, ಇಂಥವರ ಲೈಸೆನ್ಸನ್ನು ಜಿಲ್ಲೆಯ ಸಮಿತಿಯೊಂದು ಪರಿಶೀಲಿಸಲಿ ಎಂಬುದು ಅದರ ಸೂಚನೆಯ ಸಾರ. ಆದರೆ ಯಾರು ಗಲಭೆಕೋರ, ಯಾರು ಅಡಿಕೆ ಬೆಳೆಗಾರ ಎಂದು ಬೇರ್ಪಡಿಸುವುದು ಶ್ರಮದ ಕೆಲಸ, ಮೇಲಾಗಿ ಅದರಲ್ಲಿ ತಾರತಮ್ಯದ ವಾಸನೆಯಿದೆ. ಸಂವಿಧಾನ ಎಲ್ಲರನ್ನೂ ಸಮಾನವಾಗಿ ಕಾಣಬೇಕೆಂದಿರುವುದರಿಂದ ಮಂಡಿನೋವಿನ ಅಜ್ಜನನ್ನೂ ಗಲಭೆಕೋರನೆಂದೇ ಕಂಡು ಕೋವಿಯನ್ನು ಠಾಣೆಗೆ ತರಿಸಿಕೊಳ್ಳುವ ಉದಾರ ಕ್ರಮ ಊರೂರಲ್ಲಿ ರೂಢಿಗೆ ಬಂದಿದೆ. ಇದರ ಹಿರಿಮೆ ಅರಿಯದ ಕೆಲವು ಕೃಷಿಕರು ಹೈಕೋರ್ಟ್ ಮೆಟ್ಟಿಲು ಹತ್ತಿದ್ದೂ ಉಂಟು.

2024ರ ಲೋಕಸಭಾ ಚುನಾವಣೆಯನ್ನೇ ತೆಗೆದುಕೊಳ್ಳಿ. ಘೋಷಣೆ ಮಾರ್ಚ್ 16ಕ್ಕೆ, ಮತ ಎಣಿಕೆ ಜೂನ್ 4ಕ್ಕೆ, ನಡುವೆ 80 ದಿನ. ಉಡುಪಿ-ಚಿಕ್ಕಮಗಳೂರಿನವರು ಏಪ್ರಿಲ್ 26ಕ್ಕೇ ಮತ ಹಾಕಿ ಬೆರಳಿನ ಶಾಯಿ ಮಾಸಿಸಿಕೊಂಡಿದ್ದರು. ಆದರೂ ದೇಶದ ಇನ್ನೊಂದು ಮೂಲೆಯಲ್ಲಿ ಮತದಾನ ಬಾಕಿ ಇರುವಾಗ ಕೊಪ್ಪದ ಕೋವಿ ಮನೆಯಲ್ಲಿರುವುದು ಕ್ಷೇಮವೇ? ಈ 80 ದಿನಗಳಲ್ಲಿ ಹಲಸು ಹಣ್ಣಾಗುತ್ತದೆ, ಮಂಗಗಳು ಎಳನೀರು ಕುಡಿಯುತ್ತವೆ, ಹಂದಿಗಳು ಬಾಳೆಯ ಬುಡ ಬಗೆಯುತ್ತವೆ. ಅವುಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲವಲ್ಲ. 2023ರ ವಿಧಾನಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 29ಕ್ಕೆ, 2018ರದ್ದು ಮಾರ್ಚ್ 27ಕ್ಕೆ. ಪ್ರಜಾಪ್ರಭುತ್ವ ಮತ್ತು ಹಲಸು ನಮ್ಮಲ್ಲಿ ಒಂದೇ ಋತುವಿನ ಫಲಗಳು.

ಕೋವಿ ಮನೆಯಲ್ಲೇ ಉಳಿಯಬೇಕೆಂಬ ಹಟವಿರುವವರಿಗೂ ದಾರಿಯಿದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ಕ್ಕೇ ಮುಗಿದರೂ ಮತ್ತೆ ವರ್ಷಗಟ್ಟಲೆ ನಡೆಯಲಿಲ್ಲ. ಬಾಳೆತೋಟದ ಮಟ್ಟಿಗೆ ಇದಕ್ಕಿಂತ ದೊಡ್ಡ ಸರ್ಕಾರಿ ನೆರವು ನನಗೆ ತಿಳಿದಂತೆ ಬೇರೆ ಇಲ್ಲ.

ಕೋವಿ ಠೇವಣಿ ಸರ್ಕಾರ ಕಂಡುಹಿಡಿದದ್ದು ಎಂದು ತಿಳಿಯಬೇಡಿ. ಕೊಡಗಿನಲ್ಲಿ ಬಿತ್ತನೆ, ನಾಟಿಯ ತಿಂಗಳುಗಳಲ್ಲಿ ಆಯುಧಗಳನ್ನು ದೇವರ ಕೋಣೆಯಾದ ಕನ್ನಿ ಕೊಂಬರೆಯಲ್ಲಿ ಇಟ್ಟುಬಿಡುವ ಪದ್ಧತಿ ಇತ್ತು. ನಾಟಿ ಮುಗಿದು, ಕಾಡುಹಂದಿಯಿಂದ ಪೈರು ಕಾಯುವ ಕಾಲ ಬಂದಾಗ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆ ಮಾಡಿ, ತೋಕ್ ಪೂ ಎಂಬ ಕೋವಿ ಹೂವನ್ನು ಸಿಕ್ಕಿಸಿ ಹೊರಗೆ ತೆಗೆಯುತ್ತಿದ್ದರು. ಬೆಳೆ ಕಾಯಬೇಕಾದಾಗ ಕೋವಿ ಕೈಯಲ್ಲಿರಬೇಕು ಎಂಬ ಈ ಹಳೆಯ ನಂಬಿಕೆಗೆ ವೈಜ್ಞಾನಿಕ ಆಧಾರ ಇದ್ದಂತಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟೂ 2021ರಲ್ಲಿ ಎತ್ತಿಹಿಡಿದಿದೆ. ಹಾಗಾಗಿ ಅವರನ್ನು ತಿದ್ದುವ ಕೆಲಸ ಸದ್ಯಕ್ಕೆ ನನ್ನ ಕೈಯಲ್ಲಿಲ್ಲ.

ಮನೆಯ ಬೀರುವಿಗಿಂತ ಭದ್ರವೆಂದು ಒಪ್ಪಿಸಿಕೊಂಡ ಜಾಗ ಹೇಗಿದೆ ಎಂದು ನೋಡಲು ಒಂದು ಠಾಣೆಗೆ ಹೋಗಿದ್ದೆ. ಹೆಸರು ಬೇಡ. ಗೋಡೆಗೆ ಒರಗಿಸಿದ ಕೋವಿಗಳು, ಸುತ್ತ ಸುತ್ತಿದ ಗೋಣಿದಾರ, ಅದಕ್ಕೆ ಕಟ್ಟಿದ ರಟ್ಟಿನ ಚೀಟಿಗಳು. ಪಕ್ಕದಲ್ಲಿ ವಶಪಡಿಸಿಕೊಂಡ ಕಳ್ಳಭಟ್ಟಿಯ ಕ್ಯಾನುಗಳು, ಮುರಿದ ಕುರ್ಚಿ, ಮಳೆಗಾಲದ ಮೊದಲ ಸೋರಿಕೆ. ಮನೆಯಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಕೇಳಿದೆ. ಬೀಗ? ಠಾಣೆಗೆ ಬೀಗ ಯಾಕೆ ಸಾರ್, ಇಪ್ಪತ್ನಾಲ್ಕು ಗಂಟೆ ತೆರೆದಿರುತ್ತಲ್ಲ. ಚೀಟಿ ಉದುರಿದರೆ? ಅವರವರ ಕೋವಿ ಅವರವರಿಗೆ ಗೊತ್ತಾಗುತ್ತೆ. ಉತ್ತರಗಳು ತೃಪ್ತಿಕರವಾಗಿದ್ದವು. ಒಂದೇ ತೊಡಕೆಂದರೆ, ಇದನ್ನು ಬರೆದುಕೊಳ್ಳಲು ನಮೂನೆ ಇಲ್ಲ. ಭದ್ರತೆಯ ಮುಚ್ಚಳಿಕೆ ಕೊಡಬೇಕಾದವನು ಲೈಸೆನ್ಸುದಾರ ಮಾತ್ರ. ಜೂನ್‌ನಲ್ಲಿ ವಾಪಸು ಬಂದ ಕೋವಿಯ ನಳಿಗೆಯಲ್ಲಿ ತುಕ್ಕು ಕಂಡರೆ ಅದನ್ನು ಹೆಚ್ಚುವರಿ ಭದ್ರತೆ ಎಂದು ಪರಿಗಣಿಸತಕ್ಕದ್ದು. ಹಾರದ ಈಡಿನಿಂದ ಯಾರಿಗೂ ಅಪಾಯವಿಲ್ಲ.

ಕೋವಿ ಒಪ್ಪಿಸಿದಾಗ ಕೊಡುವ ರಸೀದಿಯ ಬಗ್ಗೆ ಮಾತ್ರ ವಿಶೇಷ ಎಚ್ಚರ ಬೇಕು. ಅದಿಲ್ಲದೆ ಕೋವಿ ವಾಪಸಿಲ್ಲ. ಕಳೆದರೆ, ಕಳೆದಿದೆಯೆಂದು ಅದೇ ಠಾಣೆಯಲ್ಲಿ ದೂರು ಕೊಟ್ಟು, ದೂರಿಗೊಂದು ರಸೀದಿ ಪಡೆದು, ಅದನ್ನೂ ಕಳೆಯದಂತೆ ಇಟ್ಟುಕೊಳ್ಳಬೇಕು. ಆದ್ದರಿಂದ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದಂತೆ ಉಕ್ಕಿನ ಬೀರುವಿನೊಳಗಿಟ್ಟು ಬೀಗ ಹಾಕಿ. ಜಾಗ ಹೇಗೂ ಖಾಲಿ ಇದೆ.