ಗೇರ್‌ಬಾಕ್ಸ್ ದಂತಪರೀಕ್ಷಾ ಮೀಮಾಂಸೆ

ಹಳೆಯ ಗೇರ್‌ಬಾಕ್ಸನ್ನು ಕೊಳ್ಳುವ ಮುನ್ನ ಪರೀಕ್ಷಿಸುವ ವಿದ್ಯೆಯು ವೃಷಭಪರೀಕ್ಷೆಯ ಒಂದು ಶಾಖೆಯೆಂಬುದನ್ನು ಯಂತ್ರಶಾಸ್ತ್ರದ ಗ್ರಂಥಗಳು ಇನ್ನೂ ಒಪ್ಪಿಲ್ಲವಾದರೂ, ಕುಂದಗೋಳ ತಾಲ್ಲೂಕಿನ ಸಂಶಿಯಂಥ ಎರೆಸೀಮೆಯ ಊರಿನಲ್ಲಿ ಇದಕ್ಕೆ ಬೇರೆ ಪ್ರಮಾಣ ಬೇಕಾಗುವುದಿಲ್ಲ. ಎತ್ತಿಗೂ ಗೇರ್‌ಬಾಕ್ಸಿಗೂ ವಯಸ್ಸು ತಿಳಿಯುವುದು ಹಲ್ಲಿನಿಂದ. ಎರಡನ್ನೂ ಮಾರುವವನು ‘ಛಲೋ ಐತ್ರಿ, ಏನೂ ಐಬಿಲ್ಲ’ ಎಂದೇ ಹೇಳುತ್ತಾನೆ. ಭೇದವಿಷ್ಟೇ: ಎತ್ತಿನ ಬಾಯಿ ಕೈಯಿಂದ ತೆರೆಯುತ್ತದೆ, ಗೇರ್‌ಬಾಕ್ಸಿನದು ಪಾನಾದಿಂದ, ಆ ಪಾನಾ ಮಾತ್ರ ಆ ಹೊತ್ತಿಗೆ ಮಾರುವವನ ಕೈಗೆ ಸಿಗುವುದಿಲ್ಲ.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಪದ್ಮಿನಿ ಕಾರಿನ ಗೇರ್‌ಬಾಕ್ಸು. 1964ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಿಂದ ಹುಟ್ಟಿ ಮುಂದೆ ಪದ್ಮಿನಿಯೆನಿಸಿದ ಈ ಗಾಡಿಗೆ ನಾಲ್ಕು ಗೇರುಗಳಿದ್ದು, ಗೇರ್ ದಂಡಿಯು ಬಹುಕಾಲ ಸ್ಟಿಯರಿಂಗಿನ ಬಗಲಲ್ಲಿಯೇ ಇತ್ತು. ಮೇಲಿನ ಮೂರು ಗೇರುಗಳಿಗೆ ಸಿಂಕ್ರೊ ಉಂಟು. ಸಿಂಕ್ರೊ ಎಂದರೆ ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಉಜ್ಜಿ ಸಮವೇಗಕ್ಕೆ ತಂದು ಆಮೇಲೆ ಕೂಡಿಸುವ ಹಿತ್ತಾಳೆಯ ಬಳೆ, ಅಂದರೆ ಮದುವೆ ಮಾತುಕತೆಯಲ್ಲಿ ಕೂತ ಹಿರಿಯ. ಒಂದನೆಯ ಗೇರಿಗೆ ಅಂಥ ಹಿರಿಯನಿಲ್ಲದ ಕಾರಣ, ಗಾಡಿ ಪೂರ್ತಿ ನಿಲ್ಲುವ ಮೊದಲೇ ದಂಡಿ ಎಳೆಯುವ ಅವಸರದ ಚಾಲಕರ ಚರಿತ್ರೆಯೆಲ್ಲ ಅದರ ಹಲ್ಲುಗಳ ಅಂಚಿನಲ್ಲಿ ಬರೆದಿರುತ್ತದೆ.

ಪರೀಕ್ಷಕರಲ್ಲಿ ಕರ್ಣವಾದಿಗಳೆಂಬ ಪಂಗಡವೊಂದುಂಟು. ಗಾಯಕ ಸವಾಯಿ ಗಂಧರ್ವರಿದ್ದ ತಾಲ್ಲೂಕಿನಲ್ಲಿ ಕಿವಿಗೆ ಮಿಗಿಲಾದ ಪ್ರಮಾಣವಿಲ್ಲವೆಂದು ಸಾರುವ ಇವರ ವಾದ ಕೇಳಲು ಇಂಪಾಗಿದ್ದರೂ, ಗುಜರಿಯ ನೆಲದ ಮೇಲೆ ಬಿದ್ದ ಗೇರ್‌ಬಾಕ್ಸು ಹಾಡುವುದಿಲ್ಲವೆಂಬ ಒಂದೇ ಆಕ್ಷೇಪಕ್ಕೆ ಬಿದ್ದುಹೋಗುತ್ತದೆ. ಗಾಡಿಯಲ್ಲಿಯೇ ಇದ್ದು ಸದ್ದು ಮಾಡದಿದ್ದರೂ ನಂಬಲಾಗದು; ಗೊರಗುಡುವ ಗೇರ್‌ಬಾಕ್ಸಿಗೆ ದಪ್ಪ ಗ್ರೀಸನ್ನೋ ಕಟ್ಟಿಗೆಯ ಹೊಟ್ಟನ್ನೋ ತುಂಬಿ ಕೆಲಕಾಲ ಮೌನವ್ರತ ಹಿಡಿಸುವ ವಿದ್ಯೆ ಬಲು ಹಳೆಯದು.

ಆದುದರಿಂದ ದಂತವಾದವೇ ಸಿದ್ಧಾಂತ. ಎತ್ತಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಕೆಳಗಿನ ಎಂಟು ಹಲ್ಲುಗಳು ಜೋಡಿಜೋಡಿಯಾಗಿ ಬದಲಾಗುತ್ತ ನಾಲ್ಕೈದು ವರ್ಷಕ್ಕೆ ಬಾಯಿ ಕೂಡುತ್ತದೆ. ಗೇರಿನ ಹಲ್ಲಾದರೋ ಎದುರುಹಲ್ಲಿಲ್ಲದೆ ಬದುಕದು, ಎರಡೂ ಒಂದನ್ನೊಂದು ತಿನ್ನುತ್ತ ಕೂಡಿಯೇ ಸವೆಯುತ್ತವೆ. ಮುಚ್ಚಳ ತೆಗೆದಾಗ ಕಪ್ಪಾದ ಗೇರಿನ ಎದುರಿಗೆ ಹೊಚ್ಚಹೊಸದೊಂದು ಹೊಳೆಯುತ್ತಿದ್ದರೆ ಹಿಗ್ಗುವ ಕಾರಣವಿಲ್ಲ, ಏಕೆಂದರೆ ಮುದಿ ಎತ್ತಿಗೆ ಹೋರಿಯನ್ನು ಜೋಡಿಸಿದ ನೊಗದಂತೆ ಅದು ದಾರಿಯುದ್ದಕ್ಕೂ ಊಳಿಡುತ್ತದೆ. ಹಲ್ಲಿನ ಮೈಮೇಲೆ ಸಿಡುಬಿನ ಕಲೆಯಂಥ ಗುಣಿಗಳಿದ್ದರೆ ಮೇಲ್ಮೈಯ ಉಕ್ಕು ಕಿತ್ತು ಬರುತ್ತಿದೆಯೆಂದು ತಿಳಿಯಬೇಕು.

ಮುಚ್ಚಳ ತೆಗೆಯಲು ಬಿಡದವನಲ್ಲಿ ಎಣ್ಣೆಯನ್ನಾದರೂ ಬೇಡಬೇಕು. ತಳದ ಬೋಲ್ಟು ಸಡಿಲಿಸಿ ನಾಲ್ಕು ಹನಿ ಬಿಳಿಬಟ್ಟೆಯ ಮೇಲೆ ಬೀಳಿಸಿ ಬಿಸಿಲಿಗೆ ಹಿಡಿದಾಗ ಹಳದಿ ಪುಡಿ ಮಿನುಗಿದರೆ ಸವೆದದ್ದು ಸಿಂಕ್ರೊ ಬಳೆ, ಅಯಸ್ಕಾಂತಕ್ಕೆ ಚೂರುಗಳು ಅಂಟಿದರೆ ಹಲ್ಲು ಅಥವಾ ಬೇರಿಂಗು. ಆಮೇಲೆ ಕೈಯಿಂದಲೇ ಎಂಜಿನ್ ಕಡೆಯ ಶಾಫ್ಟು ತಿರುಗಿಸಬೇಕು: ನಾಲ್ಕನೆಯ ಗೇರಿನಲ್ಲಿ ಈಚೆಯ ಒಂದು ಸುತ್ತಿಗೆ ಆಚೆಯೂ ಒಂದೇ ಸುತ್ತು, ನ್ಯೂಟ್ರಲಿನಲ್ಲಿ ಆಚೆಯದಕ್ಕೆ ಎಳೆತವಿರಬಾರದು. ಹಾಕಿದ ಗೇರು ತಾನಾಗಿ ಹಾರಿ ಬಂದರೆ ಅದನ್ನು ಹಿಡಿದಿಡುವ ಗುಂಡು ಮತ್ತು ಸ್ಪ್ರಿಂಗಿನ ಮೇಲೆ ಮೊದಲ ಸಂಶಯ.

ಬೆಲೆಯ ವಿಷಯದಲ್ಲಿ ಎತ್ತಿನ ಸಂತೆಯ ಪದ್ಧತಿಯೇ ಗ್ರಾಹ್ಯ: ಹೆಗಲ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬಾಯಿಬಿಡದೆ ಚೌಕಾಸಿ ನಡೆಯಬೇಕು. ವ್ಯವಹಾರ ಕುದುರಿ ಕೈ ಬಿಟ್ಟಾಗ ಮಾರಿದವನ ಬೆರಳಿನ ಎಣ್ಣೆ ಟವೆಲ್ಲಿಗೆ ಹತ್ತಿರುತ್ತದೆ. ಕೊಂಡವನು ಅದನ್ನೂ ಒಮ್ಮೆ ಬಿಸಿಲಿಗೆ ಹಿಡಿದು ನೋಡುತ್ತಾನೆ.