ಸ್ಮ್ಯಾಷರ್ ಭಾವ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕಿನ ಯಾವ ಹಳ್ಳಿಗಾದರೂ ಹೋಗಿ, ಅಲ್ಲೊಬ್ಬ ಸ್ಮ್ಯಾಷರ್ ಭಾವ ಇದ್ದೇ ಇರುತ್ತಾನೆ. ಅರವತ್ತು ದಾಟಿದ ಪ್ರಾಯ. ಬಾಯಲ್ಲಿ ಕವಳ, ಹೆಗಲ ಮೇಲೆ ಟವೆಲ್, ಮೊಣಕಾಲಿಗೆ ನೀ ಕ್ಯಾಪ್. ಪಹಣಿಯಲ್ಲಿ, ಸೊಸೈಟಿಯ ಪಾಸ್‌ಬುಕ್ಕಿನಲ್ಲಿ ಅವನಿಗೆ ಬೇರೆ ಹೆಸರಿದೆ. ಅದನ್ನು ಊರವರು ಎಂದೋ ಮರೆತಿದ್ದಾರೆ. ಮದುವೆಮನೆಯಲ್ಲಿ ಹೊಸಬರು ಯಾರೋ "ಅವರು ಯಾರು?" ಎಂದು ವಿಚಾರಿಸಿದರೆ, "ಅವನಾ? ಒಂದು ಕಾಲದ ದೊಡ್ಡ ಸ್ಮ್ಯಾಷರ್" ಎಂಬ ಉತ್ತರವೇ ಮೊದಲು ಬರುತ್ತದೆ. ತೋಟ ಎಷ್ಟೆಕರೆ, ಮಗ ಬೆಂಗಳೂರಲ್ಲಿ ಯಾವ ಕಂಪನಿ ಎಂಬುದೆಲ್ಲ ಆಮೇಲೆ.

ಬೇರೆ ಊರುಗಳಲ್ಲಿ ಇಂಥವರು ಫುಟ್‌ಬಾಲ್ ಕ್ಲಬ್ಬಿನ ಮಾಜಿಗಳಾಗಿರುತ್ತಾರೆ. ನಮ್ಮಲ್ಲಿ ಫುಟ್‌ಬಾಲ್ ಬೇರು ಬಿಡಲಿಲ್ಲ. ನೂರು ಮೀಟರ್ ಸಪಾಟು ಜಾಗ ಸಿಕ್ಕಿದರೆ ಅಲ್ಲಿ ಅಡಿಕೆ ಸಸಿ ನೆಡುವ ಜನ ನಾವು. ವಾಲಿಬಾಲ್ ಹಾಗಲ್ಲ, 18 ಮೀಟರ್ ಉದ್ದ, 9 ಮೀಟರ್ ಅಗಲ ಇದ್ದರೆ ಆಯಿತು. ಕೊಯ್ಲಾದ ಗದ್ದೆ, ಶಾಲೆಯ ಅಂಗಳ, ಯಾರದ್ದೋ ಬೇಣ, ಯಾವುದಾದರೂ ಸೈ. ಎರಡು ಅಡಿಕೆ ಮರ ಕಡಿದು ಹುಗಿದು, 2.43 ಮೀಟರ್ ಎತ್ತರಕ್ಕೆ ನೆಟ್ ಬಿಗಿದು, ಬೂದಿಯಲ್ಲಿ ಗೆರೆ ಎಳೆದರೆ ಕೋರ್ಟು ಸಿದ್ಧ. ಔಟಾದ ಬಾಲು ಬೇಣದಿಂದ ಉರುಳಿ ತೋಟಕ್ಕೆ, ತೋಟದಿಂದ ಹಳ್ಳಕ್ಕೆ ಹೋಗುತ್ತಿತ್ತು. ಅದನ್ನು ಹೆಕ್ಕಿ ತರುವ ಕೆಲಸ ಊರಿನ ಕಿರಿಯ ಮಾಣಿಯದು. ಸ್ಮ್ಯಾಷರ್ ಭಾವನ ಕ್ರೀಡಾಜೀವನ ಶುರುವಾದದ್ದೂ ಹಳ್ಳದಿಂದಲೇ. ಈ ಮಾತು ಮಾತ್ರ ಅವನ ಸನ್ಮಾನಪತ್ರದಲ್ಲಿ ಬರುವುದಿಲ್ಲ.

ಬರುವುದು ಆ ಒಂದು ಹೊಡೆತ. 1986ರ ಮಾತು. ಸಿದ್ದಾಪುರದಲ್ಲಿ ಹೊನಲು ಬೆಳಕಿನ ಪಂದ್ಯಾವಳಿ, ಫೈನಲ್ಲಿನಲ್ಲಿ ಎದುರಿಗೆ ಯಲ್ಲಾಪುರ ಕಡೆಯ ತಂಡ. ಅದೇ ವರ್ಷ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ಜಿಮ್ಮಿ ಜಾರ್ಜ್ ಇದ್ದ ಭಾರತ ತಂಡ ಕಂಚು ಗೆದ್ದಿತ್ತು. ಭಾವ ಕಥೆ ಶುರು ಮಾಡುವುದೇ ಅಲ್ಲಿಂದ: "ಅಲ್ಲಿ ಜಿಮ್ಮಿ ಜಾರ್ಜ್, ಇಲ್ಲಿ ಆನು."

ತಾಳಮದ್ದಲೆಯಲ್ಲಿ ಪದ್ಯ ನಾಲ್ಕು ಸಾಲು, ಅರ್ಥ ಮುಕ್ಕಾಲು ಗಂಟೆ ಇರುವಂತೆ, ಆ ಹೊಡೆತವೂ ವರ್ಷದಿಂದ ವರ್ಷಕ್ಕೆ ಅರ್ಥ ಕಂಡಿದೆ. ಮೊದಲ ವರ್ಷ ಬಾಲು ಎದುರಿನವರ ಕೋರ್ಟಿನಲ್ಲಿ ಬಿದ್ದಿತ್ತು, ಅಷ್ಟೇ. ಮಗನ ಉಪನಯನದ ಹೊತ್ತಿಗೆ, ಬಾಲು ತಡೆಯಲು ಬಂದವನೂ ಜೊತೆಗೆ ಬಿದ್ದಿದ್ದ. ಮಗಳ ಮದುವೆಯ ಹೊತ್ತಿಗೆ ಬಾಲು ನೆಲಕ್ಕೆ ಬಡಿದು ಪುಟಿದು ಪ್ರೇಕ್ಷಕರ ಹಗ್ಗ ದಾಟಿತ್ತು. ಇತ್ತೀಚಿನ ಪಾಠದ ಪ್ರಕಾರ ಅದು ರಸ್ತೆಯಲ್ಲಿ ಹೊರಟು ನಿಂತಿದ್ದ ಯಲ್ಲಾಪುರ ಬಸ್ಸಿನ ಟಾಪಿಗೆ ಹೋಗಿ ಕೂತಿದೆ. ಸೋತ ತಂಡಕ್ಕಿಂತ ಮೊದಲು ಬಾಲು ಊರು ಮುಟ್ಟಿತು ಎಂದು ಭಾವ ಹೇಳುವಾಗ ಎದುರಿಗೆ ಕೂತ ಮಕ್ಕಳು ನಗುವುದಿಲ್ಲ. ಅವರಿಗೆ ಬಸ್ಸಿನ ನಂಬರೂ ಬಾಯಿಪಾಠ ಆಗಿದೆ.

ಬಾಲು ತನ್ನಷ್ಟಕ್ಕೇ ನೆಟ್ಟಿನ ಮೇಲೆ ಬಂದು ನಿಲ್ಲುವುದಿಲ್ಲ, ಅದನ್ನು ಯಾರಾದರೂ ಎತ್ತಿಕೊಡಬೇಕು. ನಮ್ಮ ಕಡೆ ಅವನಿಗೆ ಪಾಸರ್ ಎನ್ನುತ್ತಾರೆ. ಆ ರಾತ್ರಿ ಎತ್ತಿಕೊಟ್ಟವನು ಪಾಸರ್ ಅಣ್ಣ. ಅವನ ಬಗ್ಗೆ ಕಥೆಯಿಲ್ಲ. ಕಥೆ ಕೇಳಿದವರು "ಹೌದನೋ ಅಣ್ಣ?" ಎಂದು ಅವನತ್ತ ತಿರುಗಿದರೆ ಅವನದು ಒಂದೇ ಮಾತು: "ಅಡ್ಡಿಲ್ಲೆ." ಕ್ಲಬ್ಬಿನ ಬೆಳ್ಳಿಹಬ್ಬ ಇರಲಿ, ಸತ್ಯನಾರಾಯಣ ಕಥೆ ಇರಲಿ, ಅವನು ಇರುವುದು ಬಡಿಸುವ ಸಾಲಿನಲ್ಲಿ. ಆಗ ಬಾಲು, ಈಗ ಅಪ್ಪೆಹುಳಿ, ಕೊಡುವ ಅಳತೆ ಮಾತ್ರ ಇಂದಿಗೂ ತಪ್ಪಿಲ್ಲ.

ಈ ಸಲ ದೀಪಾವಳಿಗೆ ಬೆಂಗಳೂರು ಮಾಣಿಗಳು ಊರಿಗೆ ಬಂದಾಗ ಕ್ಲಬ್ಬಿನ ಹಳಬರ ಸಮ್ಮಿಲನ ಇಟ್ಟುಕೊಂಡರು. ಶಾಮಿಯಾನ, ಮೈಕು, ವೇದಿಕೆಯ ಮೇಲೆ ಹನ್ನೊಂದು ಕುರ್ಚಿ. ಆಟಕ್ಕೆ ಆರು ಜನ ಸಾಕು, ಸನ್ಮಾನಕ್ಕೆ ಹನ್ನೊಂದು ಜನ ಹೇಗಾದರು ಎಂದು ಯಾರೂ ಕೇಳಲಿಲ್ಲ. ನಿವೃತ್ತ ಮಾಸ್ತರು ಸನ್ಮಾನಪತ್ರ ಓದಿದರು. ಅದರಲ್ಲಿ ಭಾವ ವಾಲಿಬಾಲ್ ಗಗನದ ಧ್ರುವತಾರೆಯೂ ಹೌದು, ಎದುರಾಳಿಗಳ ಎದೆ ನಡುಗಿಸಿದ ಸಿಡಿಲಮರಿಯೂ ಹೌದು. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಪೇಟ ತೊಡಿಸಿದರು. ಪೇಟ ಕಿವಿಯವರೆಗೆ ಇಳಿದು ಧ್ರುವತಾರೆಗೆ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ.

ಮುಖ್ಯ ಅತಿಥಿಗಳು ಎದ್ದು ನಿಂತು, ಇವರು ಹೊಡೆದ ಗೋಲುಗಳನ್ನು ನಾಡು ಮರೆಯಬಾರದು ಎಂದರು. ಮುಂದುವರಿದು, 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದದ್ದನ್ನು ನೆನಪಿಸಿ, ಇಂಥ ಹಿರಿಯರ ಆಶೀರ್ವಾದವೇ ಅದಕ್ಕೆ ಕಾರಣ ಎಂದೂ ಹೇಳಿಬಿಟ್ಟರು. ವಿವರ ಎಲ್ಲ ಸರಿ ಇತ್ತು, ಆಟ ಒಂದು ಬೇರೆ ಇತ್ತು. ಭಾವ ಪೇಟದ ಒಳಗಿಂದಲೇ ಕೈಮುಗಿದ. ಬಂದ ಕೀರ್ತಿಯನ್ನು ವಾಪಸು ಕಳಿಸುವ ಅಭ್ಯಾಸ ಅವನಿಗಿಲ್ಲ.

ಗಮ್ಮತ್ತು ಶುರುವಾದದ್ದು ಆಮೇಲೆ. ಕಮಿಟಿಯ ಮಾಣಿಗಳು ಯಾರಿಗೂ ಹೇಳದೆ ಯಲ್ಲಾಪುರ ಕಡೆಯಿಂದ ಒಬ್ಬ ಹಿರಿಯರನ್ನು ಕರೆಸಿದ್ದರು. ಆ ರಾತ್ರಿ ಭಾವನ ಹೊಡೆತಕ್ಕೆ ಎದುರಾದವರೇ ಅವರು. ಮೈಕು ಕೊಟ್ಟದ್ದೇ ತಡ, ಅವರೂ ನಾಲ್ಕು ದಶಕದ ತಮ್ಮ ಅರ್ಥ ಶುರು ಮಾಡಿದರು. "ಆ ಹೊಡೆತ ಬಂತು ನೋಡಿ, ನಾನು ಅಡ್ಡಡ್ಡ ಹಾರಿ ನೆಲದಿಂದ ಒಂದು ಗೇಣು ಮೇಲೆ ಅದನ್ನು ಎತ್ತಿದೆ. ಇವತ್ತಿಗೂ ನಮ್ಮೂರಲ್ಲಿ ಅದನ್ನೇ ಹೇಳ್ತಾರೆ."

ಸಭೆ ಸ್ತಬ್ಧ. ಬಸ್ಸಿನ ಟಾಪಿನ ಮೇಲಿದ್ದ ಬಾಲನ್ನು ಒಂದು ಗೇಣಿಗೆ ಇಳಿಸುವುದು ಹೇಗೆ ಎಂದು ಮಕ್ಕಳು ಭಾವನ ಮುಖ ನೋಡಿದರು. ಭಾವ ನಾಲ್ಕು ಅಡಿಕೆ ಹೋಳು ಅಗಿಯುವಷ್ಟು ಹೊತ್ತು ಸುಮ್ಮನಿದ್ದ. ಕೊನೆಗೆ ಎದ್ದು ಎದುರಾಳಿಯ ಹೆಗಲ ಮೇಲೆ ಕೈ ಹಾಕಿ, "ನೀವು ಎತ್ತಿದ್ದು ಖರೆ. ನೀವು ಎತ್ತಿದ ಮೇಲೇ ಅದು ಬಸ್ಸಿನ ಮೇಲೆ ಹೋದದ್ದು" ಎಂದ. ಚಪ್ಪಾಳೆಯೋ ಚಪ್ಪಾಳೆ. ಒಬ್ಬನ ಕೀರ್ತಿಗೂ ಕುಂದಿಲ್ಲದ ಹಾಗೆ ರಾಜಿ ಆಯಿತು.

ಆಗ ಅಪ್ಪೆಹುಳಿ ಪಾತ್ರೆ ಹಿಡಿದು ನಿಂತಿದ್ದ ಪಾಸರ್ ಅಣ್ಣ ಮೊದಲ ಸಲ ಬಾಯಿಬಿಟ್ಟ: "ಹಂಗಾರೆ ಪಾಯಿಂಟು ಯಾರಿಗೆ ಹೋತು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಗಿನದು 15 ಪಾಯಿಂಟಿನ ಆಟ. ಸರ್ವಿಸ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಪಾಯಿಂಟು, ಉಳಿದವರು ಎಷ್ಟು ಚೆಂದ ಹೊಡೆದರೂ ಸರ್ವಿಸ್ ಬದಲು, ಮುಗಿಯಿತು. ಒಂದೊಂದು ಸೆಟ್ಟು ಗ್ಯಾಸ್‌ಲೈಟಿಗೆ ಎರಡು ಸಲ ಸೀಮೆಎಣ್ಣೆ ಕುಡಿಸುತ್ತಿತ್ತು. 1998ರಲ್ಲಿ ಅಂತಾರಾಷ್ಟ್ರೀಯ ವಾಲಿಬಾಲ್ ಫೆಡರೇಶನ್ 25ರ ರ‍್ಯಾಲಿ ಪಾಯಿಂಟ್ ಒಪ್ಪಿಕೊಂಡಿತು. ಭಾವ ಇನ್ನೂ ಒಪ್ಪಿಲ್ಲ. "ಈಗಿನವ್ಕೆ ಎಂತ ಗೊತ್ತಿದ್ದು? ತಪ್ಪು ಮಾಡಿದ್ರೂ ಪಾಯಿಂಟು, ಸರಿ ಮಾಡಿದ್ರೂ ಪಾಯಿಂಟು" ಎಂದು ಹಳೇ ಕಾನೂನನ್ನೇ ಹೊಗಳುತ್ತ ಬಂದವನಿಗೆ ಆ ಕಾನೂನೇ ಈಗ ಎದುರಾಗಿತ್ತು. ಸರ್ವಿಸ್ ಯಲ್ಲಾಪುರದವರದ್ದಾಗಿತ್ತು ಎಂದು ಅವರೇ ಹೇಳಿದರು. ಭಾವನೂ ಅಲ್ಲ ಎನ್ನಲಿಲ್ಲ. ಅಂದಮೇಲೆ ಅಷ್ಟು ದೊಡ್ಡ ಹೊಡೆತಕ್ಕೆ ಸಿಕ್ಕಿದ್ದು ಸರ್ವಿಸ್ ಬದಲು ಒಂದೇ. ಪಾಯಿಂಟು ಸೊನ್ನೆ. ಪಾಸರ್ ಅಣ್ಣ "ಅಡ್ಡಿಲ್ಲೆ" ಎಂದು ಮುಂದಿನ ಎಲೆಗೆ ಹೋದ.

ಊಟದ ಮೇಲೆ ಹಳಬರ ಪ್ರದರ್ಶನ ಪಂದ್ಯ. "ಕೊಟ್ಟಿಗೆಯಲ್ಲಿ ಹಾಲು ಕರೆಯಲೆ ಕೂತ್ರೆ ಇವಕ್ಕೆ ಏಳಲೆ ಆಗ್ತಿಲ್ಲೆ, ನೆಟ್ಟಿನ ಮೇಲಿಂದ ಹೊಡಿತ್ವಡ!" ಎಂದು ಅಕ್ಕ ಹೆಂಗಸರ ಸಾಲಿನಿಂದ ಸಾರಿದಳು. ಭಾವನಿಗೆ ಉತ್ತರ ಸಿದ್ಧವಿತ್ತು. ಮೊಮ್ಮಗ ಮೊಬೈಲಿನಲ್ಲಿ ಓದಿ ಹೇಳಿದ್ದನಂತೆ: 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬಲ್ಲಿ ವಿಲಿಯಂ ಮಾರ್ಗನ್ ಈ ಆಟ ಕಟ್ಟಿದ್ದೇ, ಬಾಸ್ಕೆಟ್‌ಬಾಲಿನ ಓಡಾಟ ತಡೆಯದ ನಡುವಯಸ್ಸಿನ ವ್ಯಾಪಾರಸ್ಥರಿಗಾಗಿ. "ಅಂದ್ರೆ ಎಂಗೆ ಈಗ ಸರಿಯಾದ ಪ್ರಾಯ" ಎಂದು ಭಾವ ಕೋರ್ಟಿಗೆ ಇಳಿದ. ಪಾಸರ್ ಅಣ್ಣ ಕೈ ಒರೆಸಿಕೊಂಡು ಬಂದು ಬಾಲು ಎತ್ತಿದ, ನೆಟ್ಟಿನಿಂದ ಒಂದು ಮೊಳ ಮೇಲೆ, ಹೂವಿನ ಹಾಗೆ. ಭಾವ ಮೂರು ಹೆಜ್ಜೆ ಓಡಿದ, ಕೈ ಬೀಸಿದ. ಹಾರುವುದೊಂದು ಬಾಕಿ ಉಳಿಯಿತು. ಬಾಲು ಅವನ ತಲೆಯ ಮೇಲೆ ಬಿದ್ದು ಅಲ್ಲಿಂದ ನೆಟ್ ದಾಟಿ ಎದುರಿನ ಕೋರ್ಟಿನ ಮೂಲೆಯಲ್ಲಿ ಬಿತ್ತು. ಈಗಿನ ಕಾನೂನಿನಲ್ಲಿ ಅದಕ್ಕೆ ಪಾಯಿಂಟು ಇದೆ. ಭಾವ ಅಂದಿನಿಂದ ಹೊಸ ಕಾನೂನಿನಲ್ಲೂ ಸ್ವಲ್ಪ ಒಳ್ಳೆಯದಿದೆ ಎನ್ನುತ್ತಿದ್ದಾನೆ.

ನಗುವವರು ನಗಲಿ. ಮಾಣಿಗಳೆಲ್ಲ ಬೆಂಗಳೂರಿಗೆ ಹೋಗಿ, ಆರು ಜನ ಕೂಡಿಸುವುದೇ ಕಷ್ಟವಾಗಿರುವ ಊರಿನಲ್ಲಿ ನೆಟ್ಟು ಮಳೆಗಾಲದಲ್ಲಿ ಲಡ್ಡಾಗದಂತೆ ಹೊಗೆ ಅಟ್ಟದಲ್ಲಿ ಇಡುವವನು ಭಾವ. ಹಬ್ಬದ ಹಿಂದಿನ ದಿನ ಬೇಣದಲ್ಲಿ ಒಬ್ಬನೇ ಬಗ್ಗಿ ಗೆರೆ ಎಳೆಯುವವನೂ ಅವನೇ. "ತಮಾ, ಬಪ್ಪಕಾದ್ರೆ ಶೂ ಹಿಡ್ಕಂಡು ಬಾ" ಎಂದು ಫೋನಾಯಿಸುವವನೂ ಅವನೇ. ಹೊಡೆತದ ಕಥೆ ಕೇಳಿಸಿಕೊಳ್ಳಬೇಕಾದೀತು ಎಂದು ಹೆದರಿ ಕೆಲವರು ಫೋನ್ ಎತ್ತುವುದಿಲ್ಲ. ಎತ್ತಿದವರು ಮಾತ್ರ ಬಂದು ಆಡಿಯೇ ಹೋಗುತ್ತಾರೆ.

ಮುಂದಿನ ವರ್ಷ ಮಾಜಿಗಳ ಬದಲು ಹಾಲಿ ಆಟಗಾರರಿಗೇ ಸನ್ಮಾನ ಎಂದು ಕಮಿಟಿ ತೀರ್ಮಾನಿಸಿದೆ. ಐದು ಹೆಸರು ಸಿಕ್ಕಿವೆ. ಆರನೆಯದು ಖಾಲಿ ಬಿಡುವುದು ಚೆಂದವಲ್ಲವೆಂದು ಭಾವ ಅಲ್ಲಿ ತನ್ನ ಹೆಸರು ಬರೆಸಿದ್ದಾನೆ.