ಮೂರನೆಯ ಒಡಂಬಡಿಕೆ

ಗೆ,
ಕೈಪಿಡಿ ಸಮಿತಿಯ ಅಧ್ಯಕ್ಷರು ಮತ್ತು ಸದಸ್ಯರು,
ರಂಗಭೂಮಿ ವಿಭಾಗ,
ಹೆಸರು ಹೇಳಲೊಲ್ಲದ ಒಂದು ಕ್ರೈಸ್ತ ವಿಶ್ವವಿದ್ಯಾಲಯ,
ಅಮೆರಿಕದ ಮೆಕ್ಕೆಜೋಳದ ಸೀಮೆ.

ಮಾನ್ಯರೆ,

ನನ್ನ ಮಗಳು ನಿಮ್ಮಲ್ಲಿ ನಾಟಕ ಕಲಿಯಲು ಸೇರಿ ಎರಡು ವರ್ಷವಾಯಿತು. ಮೊನ್ನೆ ಆಗಸ್ಟಿನಲ್ಲಿ ಮೂರನೇ ವರ್ಷಕ್ಕೆಂದು ಹೊರಟವಳು ನಿಮ್ಮ ಪರಿಷ್ಕೃತ ಕೈಪಿಡಿಯನ್ನು ಊಟದ ಮೇಜಿನ ಮೇಲೆಯೇ ಮರೆತು ಹೋದಳು. ನಲವತ್ತೊಂದು ಪುಟ. ಹದಿನೆಂಟು ದಾಟಿದವಳಾದ್ದರಿಂದ ಸಹಿ ಅವಳದು. ಫೀಸು ಮಾತ್ರ ನನ್ನದು. ಫೀಸು ಕಟ್ಟುವವನಿಗೆ ಓದುವ ಹಕ್ಕಾದರೂ ಬೇಡವೇ ಎಂದು ಕಾಫಿ ಬೆರೆಸಿಕೊಂಡು ಕೂತೆ. ಬೈಬಲ್ಲಿನಲ್ಲಿ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂದು ಎರಡೇ ಇವೆ ಅಂದುಕೊಂಡಿದ್ದೆ. ನಿಮ್ಮ ಮುಖಪುಟದ ಮೇಲೆ ‘ಸಮುದಾಯ ಒಡಂಬಡಿಕೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದನ್ನು ನೋಡಿ ಮೂರನೆಯದೂ ಬಂತೆಂದು ಗೊತ್ತಾಯಿತು.

ನಾನು ಕ್ರೈಸ್ತನಲ್ಲ. ಹಾಗೆಂದು ತೀರಾ ಹೊರಗಿನವನೂ ಅಲ್ಲ. ಮಲೆನಾಡಿನ ಒಂದು ಕಾನ್ವೆಂಟಿನಲ್ಲಿ ಏಳು ವರ್ಷ ಓದಿದವನು. ನಾಲ್ಕನೇ ತರಗತಿಯ ಕ್ರಿಸ್ಮಸ್ ನಾಟಕದಲ್ಲಿ ಸಿಸ್ಟರ್ ನನ್ನನ್ನು ಕುರಿ ಕಾಯುವವರಲ್ಲಿ ಮೂರನೆಯವನನ್ನಾಗಿ ಮಾಡಿದ್ದರು. ಅಜ್ಜನ ಕರಿಕಂಬಳಿ ಹೊದ್ದು ನಿಂತಿದ್ದೆ. ಇಡೀ ಮಳೆಗಾಲ ನೆಂದು ಒಣಗಿದ ಕಂಬಳಿ. ಅದರ ಘಾಟಿಗೆ ಪಕ್ಕದಲ್ಲಿದ್ದ ದೇವದೂತ ಶುಭವಾರ್ತೆಯ ನಟ್ಟನಡುವೆ ಸೀನಿಬಿಟ್ಟ. ಸಿಸ್ಟರ್ ನಮಗೆ ಕೊಟ್ಟಿದ್ದ ನಿಯಮ ಎರಡೇ ಎರಡು: ಜನಕ್ಕೆ ಬೆನ್ನು ಹಾಕಬೇಡಿ, ಗೋದಲಿಯಲ್ಲಿರುವ ಗೊಂಬೆ ಮುಟ್ಟಬೇಡಿ. ಉಳಿದ ಮೂವತ್ತೊಂಬತ್ತು ಪುಟ ಅವರಿಗೆ ಹೊಳೆಯಲಿಲ್ಲವೋ, ಅಥವಾ ಬೇರೆ ಕೆಲಸವಿತ್ತೋ.

ಮೊದಲು ಮುತ್ತಿನ ವಿಷಯ. ಅದು ಪುಟ 12ರಲ್ಲಿದೆ. ಕಥೆಗೆ ಅನಿವಾರ್ಯವಾದರೆ ರಂಗದ ಮೇಲಿನ ಚುಂಬನ ಮೂರು ಸೆಕೆಂಡು ಮೀರತಕ್ಕದ್ದಲ್ಲ. ಅನಿವಾರ್ಯವೋ ಅಲ್ಲವೋ ಸಮಿತಿ ತೀರ್ಮಾನಿಸತಕ್ಕದ್ದು. ಹೋದ ವಸಂತದ ನಾಟಕದಲ್ಲಿ ತಾವು ಅನಿವಾರ್ಯವಲ್ಲ ಎಂದಿರಿ. ನಾಯಕ ನಾಯಕಿ ಕೈ ಕೈ ಹಿಡಿದರು, ದೀಪ ಆರಿತು. ಹನ್ನೊಂದು ಸೆಕೆಂಡು ಗಾಢ ಕತ್ತಲು, ಕೂತು ಎಣಿಸಿದ್ದೇನೆ. ಹಳೆಯ ಕನ್ನಡ ಸಿನಿಮಾ ನೋಡಿ ಬೆಳೆದ ನನಗೆ ಈ ವಿದ್ಯೆ ಹೊಸದಲ್ಲ. ಅಲ್ಲಿ ಎರಡು ಹೂವು ಒಂದಕ್ಕೊಂದು ತಾಗಿದವೆಂದರೆ ಮುಂದಿನ ರೀಲಿಗೆ ತೊಟ್ಟಿಲು ಬರುತ್ತಿತ್ತು. ಮುತ್ತು ಕೊಡಲು ಬಿಟ್ಟಿದ್ದರೆ ಮೂರು ಸೆಕೆಂಡಿಗೆ ಮುಗಿಯುತ್ತಿತ್ತು. ಆ ಹನ್ನೊಂದು ಸೆಕೆಂಡಿನಲ್ಲಿ ಪ್ರೇಕ್ಷಕರು ಎಲ್ಲೆಲ್ಲಿಗೆ ಹೋಗಿಬಂದರೋ ದೇವರೇ ಬಲ್ಲ. ನನ್ನ ಎಡಗಡೆ ಕೂತಿದ್ದ ಪಾದ್ರಿಗಳು ದೀಪ ಬಂದ ಮೇಲೂ ಗಂಟಲು ಸರಿಮಾಡಿಕೊಳ್ಳುತ್ತಲೇ ಇದ್ದರು.

ಪುಟ 17 ಬೈಗುಳದ್ದು. ಆಡಬಾರದ ಪದಗಳ ಪಟ್ಟಿಯನ್ನೇ ಕೊಟ್ಟಿದ್ದೀರಿ, ಅಕಾರಾದಿಯಾಗಿ. ಇಷ್ಟು ವರ್ಷ ಈ ದೇಶದಲ್ಲಿದ್ದೂ ನನಗೆ ಗೊತ್ತಿರದಿದ್ದ ನಾಲ್ಕು ಪದ ಅಲ್ಲಿ ಸಿಕ್ಕವು, ಉಪಕಾರವಾಯಿತು. ಆದರೆ ನಾಟಕಕಾರ ಬರೆದ ಮಾತನ್ನು ಅನುಮತಿಯಿಲ್ಲದೆ ಬದಲಿಸಬಾರದೆಂದು ಪ್ರದರ್ಶನದ ಹಕ್ಕು ಕೊಡುವ ಕಂಪನಿಯ ಕರಾರಿಗೂ ಸಹಿ ಹಾಕಿದವರು ನೀವೇ. ಎರಡು ಒಡಂಬಡಿಕೆಗಳ ನಡುವೆ ಸಿಕ್ಕವರ ಕಥೆ ತಮಗೆ ತಿಳಿದದ್ದೇ. 1962ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯ, ಅದು ಬ್ಯಾಪ್ಟಿಸ್ಟರದು, ಯೂಜೀನ್ ಓನೀಲ್‌ನ ‘ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್’ ನಾಟಕವನ್ನು ಅದರ ಭಾಷೆ ಸರಿಯಿಲ್ಲವೆಂದು ಪ್ರದರ್ಶನಗಳ ಸರಣಿಯ ನಡುವೆಯೇ ನಿಲ್ಲಿಸಿತು. ವಿಭಾಗದ ಮುಖ್ಯಸ್ಥ ಪಾಲ್ ಬೇಕರ್ ಜೊತೆಗೆ ಇಡೀ ಅಧ್ಯಾಪಕ ಬಳಗವೇ ರಾಜೀನಾಮೆ ಕೊಟ್ಟು ಸ್ಯಾನ್ ಆಂಟೋನಿಯೋದ ಟ್ರಿನಿಟಿ ವಿಶ್ವವಿದ್ಯಾಲಯಕ್ಕೆ ಹೊರಟುಹೋಯಿತು. ಕುಡಿತ, ಮಾರ್ಫೀನ್, ಕ್ಷಯಗಳ ನಡುವೆ ಒಂದು ಮನೆ ಒಂದೇ ದಿನದಲ್ಲಿ ಕರಗಿಹೋಗುವ ನಾಟಕ ಅದು. ಅಷ್ಟನ್ನೂ ತಡೆದುಕೊಂಡ ಆಡಳಿತಕ್ಕೆ ತಡೆಯಲಾಗದೇ ಹೋದದ್ದು ಅವರ ಬಾಯಿ.

ಅದೇ ಬೇಲರ್, ಸ್ಥಾಪನೆಯಾಗಿ ನೂರೈವತ್ತು ವರ್ಷ ದಾಟಿದ ಮೇಲೆ, 1996ರಲ್ಲಿ ತನ್ನ ಆವರಣದಲ್ಲಿ ಹುಡುಗ ಹುಡುಗಿಯರು ಕುಣಿಯಲು ಒಪ್ಪಿತು. ಇಲಿನಾಯ್‌ನ ವೀಟನ್ ಕಾಲೇಜು 2003ರವರೆಗೆ ತಡೆಯಿತು. ನೀವು ಅವರಿಬ್ಬರಿಗಿಂತ ಜಾಣರು, ಕುಣಿತವನ್ನು ‘ರಂಗಚಲನೆ’ ಎಂದು ಕರೆದು ಎರಡು ಕ್ರೆಡಿಟ್ ಕೊಟ್ಟುಬಿಟ್ಟಿರಿ. ದಾವೀದ ಅರಸ ದೇವರ ಮಂಜೂಷದ ಮುಂದೆ ಮೈಮರೆತು ಕುಣಿದಾಗ ಕಿಟಕಿಯಿಂದ ನೋಡಿ ಮೂಗು ಮುರಿದವಳು ಮೀಕಲಳು. ಬೈಬಲ್ ಅವಳ ಪಕ್ಷ ವಹಿಸುವುದಿಲ್ಲ ಎಂಬುದನ್ನು ತಮಗೆ ನೆನಪಿಸುವುದು ಅಧಿಕಪ್ರಸಂಗವಾದೀತು.

ಈಗ ವಿಸ್ಕಿಗೆ ಬರೋಣ. ನನ್ನ ಮಗಳಿಗೆ ಹೋದ ವಸಂತದ ಆ ನಾಟಕದಲ್ಲಿ ಪಾತ್ರ ಸಿಕ್ಕಿರಲಿಲ್ಲ, ರಂಗಪರಿಕರದ ಜವಾಬ್ದಾರಿ ಸಿಕ್ಕಿತ್ತು. ಎರಡನೇ ಅಂಕದಲ್ಲಿ ಒಬ್ಬ ವಿಸ್ಕಿ ಕುಡಿಯಬೇಕು. ಬಾಟಲಿಯಲ್ಲಿರುವುದು ಹಾಲಿಲ್ಲದ ತಣ್ಣನೆ ಟೀ, ಪ್ರಪಂಚದ ಎಲ್ಲ ರಂಗದ ಮೇಲೂ ಅದೇ. ಆದರೆ ಖಾಲಿ ವಿಸ್ಕಿ ಬಾಟಲಿ ಕೂಡ ಕ್ಯಾಂಪಸ್ಸಿನೊಳಗೆ ಬರುವಂತಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನು ಬಂತು. “ಅಪ್ಪ, ಮನೇಲಿ ವಿನಿಗರ್ ಬಾಟಲಿ ಇದೆಯಲ್ಲ, ಚಪ್ಪಟೆ ಭುಜದ್ದು, ಅದನ್ನ ತೊಳೆದಿಟ್ಟಿರು.” ಶನಿವಾರ ಬಂದು, ಇಲ್ಲದ ಕಂಪನಿಯ ಹೆಸರಿನ ಲೇಬಲ್ಲನ್ನು ಮನೆಯ ಪ್ರಿಂಟರಿನಲ್ಲಿ ತೆಗೆದು, ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಹಳೆಯದು ಮಾಡಿ, ಮೈದಾ ಅಂಟಿನಿಂದ ಅಂಟಿಸಿದಳು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಗೇಟಿನಲ್ಲಿ ಸೆಕ್ಯೂರಿಟಿಯವನು ಅದನ್ನೇ ಹಿಡಿದುಕೊಂಡ. ಮೂಸಿದ. ವಿನಿಗರ್ ವಾಸನೆಗೆ ಅವನ ನಂಬಿಕೆ ಇನ್ನೂ ಗಟ್ಟಿಯಾಯಿತು. ಮಗಳು ಮೂರು ಫಾರಂ ತುಂಬಿ ವಿನಿಗರನ್ನು ಬಿಡಿಸಿಕೊಂಡು ಬಂದಳು.

1869ರಲ್ಲಿ ನ್ಯೂಜೆರ್ಸಿಯ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯ, ಚರ್ಚಿನ ಕರ್ತನ ಭೋಜನಕ್ಕೆ ಮದ್ಯ ಸಲ್ಲದೆಂದು ಹುದುಗದ ದ್ರಾಕ್ಷಿರಸ ತಯಾರಿಸಿದ. ಅಂದಿನಿಂದ ಈ ದೇಶದ ಎಷ್ಟೋ ಚರ್ಚುಗಳು ಅಂಗಡಿಯ ಜ್ಯೂಸನ್ನು ಕೈಯಲ್ಲಿ ಹಿಡಿದು ಕಾನಾ ಊರಿನ ಮದುವೆಯ ದ್ರಾಕ್ಷಾರಸವನ್ನು ನೆನೆಯುತ್ತಿವೆ. ಒಂದರಲ್ಲಿ ಇನ್ನೊಂದನ್ನು ಕಾಣುವ ಈ ಕಲೆಯಲ್ಲಿ ಇಷ್ಟು ಪಳಗಿದವರಿಗೆ ಟೀಯ ಮೇಲೇಕೆ ಅಪನಂಬಿಕೆ?

ಉಡುಪಿನ ವಿಷಯ ಎತ್ತುವುದಿಲ್ಲ, ಟೇಪು ಹಿಡಿದವರ ಮರ್ಯಾದೆ ಕಾಯಬೇಕು. ಕೂದಲಿನ ಬಗ್ಗೆ ಮಾತ್ರ ಒಂದು ಮಾತು. ನಿಮ್ಮಲ್ಲಿ ಹುಡುಗರ ಕೂದಲು ಕಾಲರ್ ಮುಟ್ಟಬಾರದು. ಹಾಗಾಗಿ ಈಸ್ಟರ್ ನಾಟಕದ ಯೇಸುವಿಗೆ ವಿಗ್ಗು. ಬವೇರಿಯಾದ ಒಬರಮ್ಮರ್ಗೌ ಹಳ್ಳಿಯವರು ಪ್ಲೇಗಿನಿಂದ ಉಳಿದರೆ ನಾಟಕ ಆಡುತ್ತೇವೆಂದು 1633ರಲ್ಲಿ ಹರಕೆ ಹೊತ್ತರು. ಮಾರನೇ ವರ್ಷ ಶುರುವಾದ ಯೇಸುವಿನ ಯಾತನೆಯ ಆ ನಾಟಕ ಈಗಲೂ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. 2020ರದು ಕೊರೊನಾದಿಂದ 2022ಕ್ಕೆ ಹೋಯಿತು. ಅಲ್ಲಿಯೂ ಒಂದು ಆಜ್ಞೆಯಿದೆ: ಹಿಂದಿನ ವರ್ಷದ ಬೂದಿ ಬುಧವಾರದಿಂದ ಪಾತ್ರಧಾರಿಗಳು ಕೂದಲು ಗಡ್ಡ ಕತ್ತರಿಸಕೂಡದು. ಊರಿಗೆ ಊರೇ ಜಡೆ ಬಿಟ್ಟುಕೊಂಡು ಬೇಕರಿಯಲ್ಲೂ ಬ್ಯಾಂಕಿನಲ್ಲೂ ಕೆಲಸ ಮಾಡುತ್ತದೆ. ಅವರೇನೂ ಧರ್ಮರಾಯರಲ್ಲ. ಮದುವೆಯಾದ ಹೆಂಗಸರಿಗೆ, ಮೂವತ್ತೈದು ದಾಟಿದವರಿಗೆ ಪಾತ್ರವಿಲ್ಲ ಎಂಬ ಅವರ ಕಟ್ಟಳೆ ಮುರಿಯಲು 1990ರವರೆಗೆ ಕಾಯಬೇಕಾಯಿತು, ಅದಕ್ಕೂ ನ್ಯಾಯಾಲಯವೇ ಬೇಕಾಯಿತು. ಕೈಪಿಡಿ ಬರೆಯುವ ಚಪಲ ನಿಮ್ಮೊಬ್ಬರದಲ್ಲ ಎಂದಷ್ಟೇ ಹೇಳಿದೆ.

1633 ಎಂದಾಗ ಇನ್ನೊಬ್ಬ ನೆನಪಾಗುತ್ತಾನೆ. ಹಳ್ಳಿಯವರು ಹರಕೆ ಹೊತ್ತ ಅದೇ ವರ್ಷದ ತಾರೀಖು ಹೊತ್ತ ಪುಸ್ತಕವೊಂದರಲ್ಲಿ ಲಂಡನ್ನಿನ ಪ್ಯೂರಿಟನ್ ವಕೀಲ ವಿಲಿಯಂ ಪ್ರಿನ್ ನಾಟಕವೆಂಬುದೇ ಪಾಪವೆಂದು ಸಾವಿರಕ್ಕೂ ಹೆಚ್ಚು ಪುಟ ವಾದಿಸಿದ್ದ. ನಟಿಯರ ಬಗ್ಗೆ ಅವನು ಬರೆದದ್ದು ಆಗಷ್ಟೇ ಅರಮನೆಯ ನಾಟಕಕ್ಕೆ ಬಣ್ಣ ಹಚ್ಚುತ್ತಿದ್ದ ರಾಣಿಗೆ ತಗುಲಿತು. ಅವನ ಕಿವಿ ಕತ್ತರಿಸಿದರು. ನಲವತ್ತೊಂದು ಪುಟಕ್ಕೆ ಅಂಥ ಶಿಕ್ಷೆ ಯಾರೂ ಕೇಳುವುದಿಲ್ಲ, ಹೆದರಬೇಡಿ. ಪ್ರಿನ್‌ನ ಕಡೆಯವರೇ 1642ರಿಂದ ಹದಿನೆಂಟು ವರ್ಷ ಇಂಗ್ಲೆಂಡಿನ ರಂಗಮಂದಿರಗಳಿಗೆ ಬೀಗ ಹಾಕಿದರು. ಅವರದಾದರೂ ಒಂದು ಪ್ರಾಮಾಣಿಕತೆ: ನಾಟಕ ಬೇಡ ಎಂದವರು ಅದಕ್ಕೊಂದು ವಿಭಾಗ ತೆರೆದು ಫೀಸು ವಸೂಲು ಮಾಡಲಿಲ್ಲ.

ಆದರೆ ನಾಟಕಕ್ಕೆ ಹೆದರುವ ಈ ಚರ್ಚೇ ಒಂದು ಕಾಲಕ್ಕೆ ಅದರ ತವರುಮನೆ. ಹತ್ತನೇ ಶತಮಾನದಲ್ಲಿ ಜರ್ಮನಿಯ ಗಾಂಡರ್ಶೈಮ್ ಮಠದ ರೋಸ್ವಿತಾ ಲ್ಯಾಟಿನ್‌ನಲ್ಲಿ ಆರು ನಾಟಕ ಬರೆದಳು. ಒಂದರಲ್ಲಿ ಸನ್ಯಾಸಿಯೊಬ್ಬ ತಾನು ಸಾಕಿದ ಹುಡುಗಿಯನ್ನು ಬಿಡಿಸಿ ತರಲು ಗಿರಾಕಿಯ ವೇಷದಲ್ಲಿ ಸೂಳೆಮನೆಗೆ ಹೋಗುತ್ತಾನೆ. ಇನ್ನೊಂದರಲ್ಲಿ, ಸೆರೆಸಿಕ್ಕ ಮೂವರು ಕ್ರೈಸ್ತ ಕನ್ಯೆಯರ ಮೇಲೆ ಕಣ್ಣಿಟ್ಟ ಅಧಿಕಾರಿ ಕತ್ತಲಲ್ಲಿ ಅಡುಗೆಮನೆಗೆ ನುಗ್ಗಿ, ಹುಡುಗಿಯರೆಂದು ಭ್ರಮಿಸಿ ಮಡಕೆ ಬಾಣಲೆಗಳನ್ನು ತಬ್ಬಿ ಮುದ್ದಿಸಿ, ಮೈಯೆಲ್ಲ ಮಸಿಯಾಗಿ ಹೊರಬರುತ್ತಾನೆ. ಅವನ ಸಿಪಾಯಿಗಳೇ ದೆವ್ವ ಎಂದು ಓಡುತ್ತಾರೆ. ನಿಮ್ಮ ಪುಟ 12ರ ಪ್ರಕಾರ ಬಾಣಲೆಗೆ ಎಷ್ಟು ಸೆಕೆಂಡು? ಆಕೆ ಇಂದು ನಿಮ್ಮಲ್ಲಿ ಅರ್ಜಿ ಹಾಕಿದರೆ ಮೊದಲ ಸೆಮಿಸ್ಟರಿನಲ್ಲೇ ಡೀನ್ ಕೋಣೆಯಲ್ಲಿರುತ್ತಾಳೆ. ಮಧ್ಯಯುಗದ ಯಾರ್ಕ್ ಪಟ್ಟಣದಲ್ಲಂತೂ ಬೈಬಲ್ ನಾಟಕಗಳನ್ನು ಕಸುಬಿನವರೇ ಹಂಚಿಕೊಂಡು ಬೀದಿಯಲ್ಲಿ ಆಡುತ್ತಿದ್ದರು. ನೋಹನ ನಾವೆ ಕಟ್ಟುವ ಆಟ ಹಡಗು ಕಟ್ಟುವವರದು; ಶಿಲುಬೆಗೇರಿಸುವ ಆಟ ಮೊಳೆ ಮಾಡುವವರದು. ದೇವರ ಮಗನಿಗೆ ಮೊಳೆ ಹೊಡೆಯುವಾಗ ತೂತು ಸರಿಹೋಗಲಿಲ್ಲ, ಭಾರ ಜಾಸ್ತಿ ಎಂದು ಆ ಆಳುಗಳು ಗೊಣಗುತ್ತಾರೆ, ಎಲ್ಲ ಕೆಲಸದಲ್ಲೂ ಗೊಣಗಿದ ಹಾಗೆ. ಎದೆ ನಡುಗುವುದು ಅಲ್ಲಿಯೇ. ಅವರಲ್ಲಿ ಯಾರಿಗೂ ಸದ್ವರ್ತನೆಯ ಪತ್ರ ಕೇಳಿದ ದಾಖಲೆಯಿಲ್ಲ.

ನೀವು ಕೇಳುತ್ತೀರಿ. ಪುಟ 23: ಪಾತ್ರ ಬೇಕಾದವರ ಚಾಪೆಲ್ ಹಾಜರಿ ಪೂರ್ತಿಯಿರಬೇಕು, ನಡತೆಗೆ ಇಬ್ಬರು ಸಾಕ್ಷಿ ಹೇಳಬೇಕು. ಈ ಸಲದ ಈಸ್ಟರ್ ನಾಟಕದಲ್ಲಿ ಯೂದ ಇಸ್ಕರಿಯೋತನ ಪಾತ್ರ ಒಂದು ದಿನವೂ ಚಾಪೆಲ್ ತಪ್ಪಿಸದ ಹುಡುಗನಿಗೆ ಬಂತು. ಪಾಪ, ಮೂವತ್ತು ಬೆಳ್ಳಿ ನಾಣ್ಯ ಎಣಿಸುವಾಗ ಕಾಣಿಕೆ ಎಣಿಸುವವನ ಹಾಗೆ ಕಂಡ.

ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಯೇಸು ಶಾಸ್ತ್ರಿಗಳನ್ನೂ ಫರಿಸಾಯರನ್ನೂ ಕಪಟಿಗಳೆಂದು ಜಾಡಿಸುತ್ತಾನಲ್ಲ, ಮೂಲದ ಗ್ರೀಕ್ ಪದ ‘ಹಿಪೊಕ್ರಿತೇಸ್’. ಅಥೆನ್ಸಿನ ರಂಗದಲ್ಲಿ ಅದರ ಅರ್ಥ ನಟ, ಅಷ್ಟೇ. ಹಾಗೆ ನೋಡಿದರೆ ನೀವು ನಡೆಸುತ್ತಿರುವುದು ಎರಡು ನಾಟಕಶಾಲೆ. ಒಂದರಲ್ಲಿ ವರ್ಷಕ್ಕೆ ನಾಲ್ಕು ಪ್ರದರ್ಶನ, ಬಣ್ಣದ ಮನೆಯಿದೆ, ಆಟ ಮುಗಿದ ಮೇಲೆ ಬಣ್ಣ ತೆಗೆಯಬಹುದು. ಇನ್ನೊಂದರ ತಾಲೀಮು ಬೆಳಗಿನ ಚಾಪೆಲ್ಲಿನಿಂದ ಶುರುವಾಗಿ ಹಾಸ್ಟೆಲಿನ ದೀಪ ಆರುವವರೆಗೆ. ಮಗಳ ಗೆಳೆಯನೊಬ್ಬ ಪಕ್ಕದ ಊರಿನಲ್ಲಿ ಪಿಜ್ಜಾದ ಜೊತೆ ಒಂದು ಬಿಯರ್ ಕುಡಿಯಬೇಕಾದರೆ ಕಾರಿನ ಹಿಂದಿನ ವಿಶ್ವವಿದ್ಯಾಲಯದ ಸ್ಟಿಕ್ಕರಿಗೆ ಕೆಸರು ಬಳಿಯುತ್ತಾನಂತೆ. ಯಾರೋ ಚಾಡಿ ಹೇಳಿ ಡೀನ್ ಕರೆಸಿದಾಗ ಅವನು ಎಷ್ಟು ಹದವಾಗಿ ಕಣ್ಣೀರು ತಂದನೆಂದರೆ, ಅವರೂ ಅತ್ತು, ಜೊತೆಗೆ ಪ್ರಾರ್ಥಿಸಿ ಕಳಿಸಿದರು. ನಿಮ್ಮ ಅಭಿನಯದ ಕ್ಲಾಸಿನಲ್ಲಿ ಅವನಿಗೆ ಸಿ ಗ್ರೇಡು.

ಇಷ್ಟು ಹೇಳಿದ ಮೇಲೆ ನಿಮಗೆ ಸಲ್ಲಬೇಕಾದದ್ದನ್ನೂ ಹೇಳುತ್ತೇನೆ. ಪುಟ 30ರಲ್ಲಿ, ಮನಸ್ಸಿಗೆ ಒಪ್ಪದ ದೃಶ್ಯವನ್ನು ಯಾವ ವಿದ್ಯಾರ್ಥಿಯಾದರೂ ಅಂಕ ಕಳೆದುಕೊಳ್ಳದೆ ಬೇಡವೆನ್ನಬಹುದು ಎಂದಿದೆ. ಇದು ಸಣ್ಣ ಮಾತಲ್ಲ. ಯೂಟಾದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮಾರ್ಮನ್ ಹುಡುಗಿಯೊಬ್ಬಳು ಕೆಲವು ಬೈಗುಳ ತನ್ನ ಬಾಯಲ್ಲಿ ಬರುವುದಿಲ್ಲ ಎಂದದ್ದಕ್ಕೆ, ಅಧ್ಯಾಪಕರು ಆಡಲೇಬೇಕೆಂದು ಹಟ ಹಿಡಿದು ಅವಳು ವಿಭಾಗ ಬಿಡುವಂತಾಯಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಅವಳ ದಾವೆ ನಡೆಯಲಿ ಎಂದಿತು, ಆಮೇಲೆ ರಾಜಿಯಾಯಿತು. ಆಡಲೇಬೇಕು ಎನ್ನುವ ಮಡಿವಂತಿಕೆಯೂ ಇದೆ. ನನ್ನ ತಕರಾರು ಇಷ್ಟೆ: ಬೇಡ ಎನ್ನುವ ಹಕ್ಕು ಹುಡುಗಿಗೆ ಕೊಟ್ಟ ಮೇಲೆ, ಅವಳು ಬೇಕು ಎಂದಾಗ ಸಮಿತಿ ಯಾಕೆ ಸೇರಬೇಕು?

ಪುಟ 38 ನನಗೆ ತುಂಬ ಹಿಡಿಸಿತು. ಕೊನೆಯ ಪ್ರದರ್ಶನದ ರಾತ್ರಿ ರಂಗಸಜ್ಜಿಕೆಯ ಕಡೆಯ ಸ್ಕ್ರೂ ಬಿಚ್ಚುವವರೆಗೆ ನಾಯಕನಿಂದ ಹಿಡಿದು ಟಿಕೆಟ್ ಹರಿದವರವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಹೋದ ವಸಂತದಲ್ಲಿ ಮಗಳನ್ನು ಕರೆದೊಯ್ಯಲು ಬಂದವನ ಕೈಗೂ ಯಾರೋ ಡ್ರಿಲ್ ಕೊಟ್ಟರು. ರಾತ್ರಿ ಒಂದೂವರೆ. ಸಮಿತಿಯ ಅಧ್ಯಕ್ಷರೇ, ತಾವು ಟೈ ಜೇಬಿಗೆ ತುರುಕಿ, ಮೊಣಕಾಲೂರಿ, ಪ್ಲೈವುಡ್ಡಿನಿಂದ ಮೊಳೆ ಕೀಳುತ್ತಿದ್ದಿರಿ, ಯಾರ್ಕಿನವರ ಹಾಗೆ ಗೊಣಗುತ್ತ. ಸುತ್ತಿಗೆ ಜಾರಿ ಹೆಬ್ಬೆರಳಿಗೆ ಬಿತ್ತು. ತಮ್ಮ ಬಾಯಿಂದ ಬಂದ ಪದ ಆಗ ನನಗೆ ಅರ್ಥವಾಗಿರಲಿಲ್ಲ. ಈಗ ಪುಟ 17ರಲ್ಲಿ, ಮೇಲಿನಿಂದ ಆರನೆಯದಾಗಿ ಸಿಕ್ಕಿತು. ಅಷ್ಟು ಸಹಜವಾಗಿ ಬಂದ ಮಾತನ್ನು ನಿಮ್ಮ ರಂಗದ ಮೇಲೆ ನಾನು ಈವರೆಗೆ ಕೇಳಿಲ್ಲ.

ಫೀಸಿನ ಚೆಕ್ಕು ಇದರೊಂದಿಗಿದೆ.

ಇಂತಿ,
ಒಬ್ಬ ವಿದ್ಯಾರ್ಥಿನಿಯ ಅಪ್ಪ,
ಹಿಂದೊಮ್ಮೆ ಕುರಿ ಕಾಯುವವರಲ್ಲಿ ಮೂರನೆಯವನು